ಈಶಪ್ಪ ಹಾಕಿದ ಕಚ್ಚು

ಶಾಮೀದಸಾಬ ಕುಂಬಳಕಾಯಿಯನ್ನು ಎತ್ತಲೆಂದು ಎರಡೂ ಕೈ ಚಾಚಿ ಬಾಗಿದ. ಅದರೊಳಗೆ ನೆಟ್ಟು ನಿಂತಿದ್ದ ಕುಡುಗೋಲಿನ ಹಿಡಿ ಅವನ ಎದೆಗೆ ತಾಗಿತು. ಬಾಗಿದವನು ಹಾಗೇ ನಿಂತ.

“ಏನ್ ನೋಡಾಕ್ಹತ್ತಿ? ಎತ್ತು,” ಎಂದ ವಿರೂಪಾಕ್ಷಪ್ಪ. ಸತ್ತ ಈಶಪ್ಪನಿಗೆ ಅವನು ದೊಡ್ಡಪ್ಪನ ಮಗ, ಮನೆತನಕ್ಕೆಲ್ಲ ಹಿರಿಯ. “ಒಯ್ದು ಹಳ್ಳಕ್ಕ ಒಗದು ಬಾ. ಸತ್ತ ಮನಿಯಾಗ ಅರ್ಧ ಕೊಯ್ದ ಕುಂಬಳಕಾಯಿ ಇಟಗೊಂಡು ಕುಂತಾರ ಅಂತ ನಾಕು ಮಂದಿ ಆಡಿಕೊಳ್ಳೂದು ಬ್ಯಾಡ.”

“ಕುಡಗೋಲು ಕಿತ್ತಿಡ್ಲೇನ್ರಿ?”

“ಅದನ್ನೂ ಕೂಡೇ ಒಗಿ.”

“ಯುಗಾದಿಗೆ ಕಮ್ಮಾರನ ಕಡೆ ಹಣಿಸ್ಯಾನ್ರಿ ಈಶಪ್ಪಣ್ಣ ಇದನ್ನ. ಇನ್ನೂ ಹೊಸಾದು ಇದ್ದಂಗ ಐತಿ.”

“ಶಾಮೀದ, ನೀ ಅವನ ಗೆಣೆಯ ಇದ್ದಿ, ಖರೆ. ಹೇಳಿದಷ್ಟು ಮಾಡು.”

ಪಡಸಾಲೆಯ ಗೋಡೆಗೆ ಒರಗಿಸಿ ಈಶಪ್ಪನನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ತಲೆಗೆ ಅವನು ಸಂತೆಗೆ ಹೋಗುವಾಗ ಸುತ್ತುತ್ತಿದ್ದ ಕೆಂಪು ರುಮಾಲು. ಭಜನೆಯವರು ತಾಳ ಕೆಳಗಿಟ್ಟು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಗಂಡನ ಮಗ್ಗುಲಲ್ಲಿ ಕೂತಿದ್ದ ಕಳಕಮ್ಮ ಈಗ ತಲೆ ಎತ್ತದೆ ಹೇಳಿದಳು:

“ತಮ್ಮಾ, ಅದನ್ನ ಅಲ್ಲೇ ಇಡು.”

“ಕಳಕಮ್ಮ, ಇದು ಹಟ ಮಾಡೋ ಹೊತ್ತಲ್ಲ,” ಎಂದ ವಿರೂಪಾಕ್ಷಪ್ಪ.

“ಹಟ ಅಲ್ರಿ ಭಾವಾರ. ಬೀಜದ ಕಾಯಿ ಅದು. ಉಳಿದಾವೆಲ್ಲಾ ಸಂತ್ಯಾಗ ಹೋದುವು. ಹೋದ ವರ್ಷದ ಬೀಜ ಇಲಿ ತಿಂದಾವು. ಇದನ್ನ ಒಗದ್ರ ಮುಂದ ಊರಾಕ ಒಂದ ಬೀಜ ಇರೂದಿಲ್ಲ.”

“ಕುಂಬಳಬೀಜಕ್ಕೇನು ಬರ? ಯಲಬುರ್ಗಾ ಸಂತ್ಯಾಗ ಬೇಕಾದಷ್ಟು ಸಿಗ್ತಾವ.”

“ಈ ಬೀಜ ಸಿಗೂದಿಲ್ಲ.”

ಅವಳ ದನಿ ಏರಿರಲಿಲ್ಲ. ಆದರೂ ಭಜನೆಯವರು ಎಲೆ ಅಗಿಯುವುದನ್ನು ನಿಲ್ಲಿಸಿದರು. ವಿರೂಪಾಕ್ಷಪ್ಪ ಬಾಗಿಲ ಕಡೆ ಮುಖ ತಿರುಗಿಸಿ, “ಮಣ್ಣು ಮುಗಿಸಿ ಬರೂತನಕ ಇರಲಿ. ಬಂದಮ್ಯಾಲ ಹಳ್ಳಕ್ಕ ಹೋಗೂದ ಅದು,” ಎಂದ.

ಶಾಮೀದಸಾಬ ಒಂದು ಗೋಣಿಚೀಲ ತಂದು ಕಾಯಿಗೆ ಹೊದಿಸಿದ. ಹಿಡಿ ಮಾತ್ರ ಹೊರಗೆ ಉಳಿಯಿತು.

*

ಹನುಮಸಾಗರದಿಂದ ಮದುವೆಯಾಗಿ ಬಂದಾಗ ಕಳಕಮ್ಮನ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣಬೇರುಗಳ ನಡುವೆ ಒಂದು ಹಿಡಿ ಕುಂಬಳಬೀಜವೂ ಇತ್ತು. ಅವಳ ತಾಯಿ ಹಾಕಿದ್ದು. ಗಂಡನ ಮನೆಯವರು ಅದನ್ನು ಕಂಡು ನಕ್ಕರು. ಈಶಪ್ಪನೂ ನಕ್ಕ. ಅವನ ಮಟ್ಟಿಗೆ ಕುಂಬಳಕಾಯಿ ಎಂದರೆ ದೃಷ್ಟಿ ತೆಗೆದು ಒಡೆಯುವುದಕ್ಕೆ ಒಂದು, ಮಿಕ್ಕದ್ದು ಎಮ್ಮೆಗೆ.

ಅವಳು ಮುಂಗಾರಿನ ಮೊದಲ ಹದಕ್ಕೆ ಹೊಲದ ಗುಡಿಸಲಿನ ಬುಡದಲ್ಲಿ ಬೀಜ ಊರಿದಳು. ಬಳ್ಳಿ ಗುಡಿಸಲನ್ನು ಏರಿತು. ಮಳೆ ಹಿಂದಕ್ಕೆ ಸರಿದು, ಗುರೆಳ್ಳು ಹಳದಿ ಹೂ ಬಿಟ್ಟು, ಬೆಳಗಿನ ಹೊತ್ತು ಕಂಬಳಿ ಇನ್ನಷ್ಟು ಹೊದೆಯೋಣ ಅನಿಸುವ ದಿನಗಳು ಬಂದಾಗ ಗುಡಿಸಲ ಮೇಲೆ ಕಾಯಿಗಳು ಮಲಗಿದ ಕುರಿಗಳ ಹಾಗೆ ಕಾಣುತ್ತಿದ್ದವು.

ಸೀಗಿ ಹುಣ್ಣಿಮೆಯ ಹಿಂದಿನ ದಿನ ಅವಳು ಒಂದು ಕಾಯಿ ಮತ್ತು ಕುಡುಗೋಲು ತಂದು ಗಂಡನ ಮುಂದೆ ಇಟ್ಟಳು.

“ಕಚ್ಚು ಹಾಕಿ ಕೊಡ್ರಿ.”

“ನೀನ ಕೊಯ್ಕೊ. ನನಗೇನು ಕೆಲಸ ಇಲ್ಲೇನು?”

“ಇಡೀ ಕಾಯಿಗೆ ಹೆಣ್ಣುಮಕ್ಕಳು ಕುಡಗೋಲು ಹಚ್ಚೂದಿಲ್ಲ. ಮೊದಲಿನ ಕಚ್ಚು ಗಂಡಸಿಂದು. ಆಮ್ಯಾಲಿಂದು ನಮ್ಮದು. ನಿಮ್ಮೂರಾಗ ಇಷ್ಟೂ ಗೊತ್ತಿಲ್ಲೇನು?”

ಅವನು ಕಚ್ಚು ಹಾಕಿ ಕೊಟ್ಟು ದನ ಕಟ್ಟಲು ಹೋದ. ಅವಳು ಹೋಳುಗಳನ್ನು ಬೆಲ್ಲದಲ್ಲಿ ಬೇಯಿಸಿ, ಗೋದಿಹಿಟ್ಟು ಕಲಸಿ, ತಟ್ಟಿ ಎಣ್ಣೆಗೆ ಬಿಟ್ಟಳು. ವಾಸನೆಗೆ ಈಶಪ್ಪ ಕೊಟ್ಟಿಗೆಯಿಂದ ಬಂದ. ಮೊದಲ ಗಾರಿಗೆಯನ್ನು ನಿಂತೇ ತಿಂದ. ಎರಡನೆಯದಕ್ಕೆ ಕೂತ.

“ಇದು ಎಮ್ಮಿ ತಿನ್ನೋ ಕಾಯೇನ?” ಎಂದು ಕೇಳಿದ.

“ಎಮ್ಮಿಗೂ ಹಾಕೂಣು, ಉಳದ್ರ,” ಎಂದಳು ಕಳಕಮ್ಮ.

ಮಾರನೆಯ ದಿನ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಅಡುಗೆಯನ್ನು ಚರಗವಾಗಿ ಚೆಲ್ಲುವಾಗ ಅವನು ಒಂದು ಗಾರಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡದ್ದನ್ನು ಅವಳು ನೋಡಿದಳು. “ತಾಯಿಗೆ ಸಾಕಾಗೇತಿ, ಇದು ಮಗಂದು,” ಎಂದ ಅವನು. ಗಂಡನ ಮನೆಗೆ ಬಂದ ಮೇಲೆ ಅವಳು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ಮುಂದಿನ ವರ್ಷದಿಂದ ಬಳ್ಳಿಗೆ ನೀರು ಹಾಕುವ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ.

*

“ಈಶಪ್ಪಣ್ಣಾ, ಎದ್ದಿಯೇನ? ನಿನ್ನ ಕಾಯಿ ನಿನ್ನ ಮನಿಗೇ ಹೊತಗೊಂಡು ಬಂದೀನಿ ನೋಡು, ನನ್ನಂಥಾ ಹುಚ್ಚಿ ಎಲ್ಲರೆ...”

ಪಕ್ಕದ ಊರಿನ ಹುಲಿಗವ್ವ ತಲೆಯ ಮೇಲೆ ಕುಂಬಳಕಾಯಿ ಹೊತ್ತು ಅಂಗಳಕ್ಕೆ ಬಂದವಳು ಮಂದಿಯನ್ನು ಕಂಡು ನಿಂತಳು. ತಾಳಗಳನ್ನು ನೋಡಿದಳು, ಬಾಗಿಲಿನೊಳಗೆ ಕೆಂಪು ರುಮಾಲು ನೋಡಿದಳು. ಕಟ್ಟೆಯ ಮೇಲೆ ಕೂತು ಕಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗು ಬಾಯಿಗೆ ಹಿಡಿದಳು.

ಈಶಪ್ಪನ ಮಗಳು ಅನ್ನಮ್ಮ ಬಂದು ಅವಳ ಪಕ್ಕದಲ್ಲಿ ಕೂತಳು. “ಅದನ್ನ ಕೆಳಗ ಇಡಕ್ಕ, ಭಾರ ಆಗ್ತೈತಿ.”

“ಇರಲಿ ಬಿಡವಾ. ಮೊನ್ನಿ ಸಂತ್ಯಾಗ ಕೊಟ್ಟಿದ್ದ. ‘ಈಗ ಕಚ್ಚು ಹಾಕಿದ್ರ ಸೀಗಿ ಹುಣ್ಣಿಮಿ ಬರೂದ್ರೊಳಗ ಕೆಡ್ತೈತಿ, ಹಿಂದಿನ ದಿನ ಮನಿಗೆ ತಗೊಂಬಾ, ಹಾಕಿ ಕೊಡ್ತೀನಿ’ ಅಂದಿದ್ದ. ನಮ್ಮವ ಮುನಿರಾಬಾದಿನ್ಯಾಗ ಆಣೆಕಟ್ಟಿಗೆ ಕಲ್ಲು ಒಡ್ಯಾಕ ಹೋಗ್ಯಾನ. ಮನಿಯಾಗ ಗಂಡಸು ಅಂದ್ರ ಒಂದು ಹುಂಜ.” ಅವಳು ಮೂಗು ಒರೆಸಿಕೊಂಡಳು. “ಹ್ಯಾಂಗ ಆತ?”

“ಇದನ್ನ ಮಾಡಕೋತ,” ಎಂದಳು ಅನ್ನಮ್ಮ, ಗೋಣಿಚೀಲದ ಕಡೆ ಕಣ್ಣು ಹಾಯಿಸಿ. “ನಿನ್ನಿ ಸಂಜೀಕ ಬೀಜದ ಕಾಯಿ ತಗೊಂಡು ಕುಂತ. ಬಡದು ನೋಡಿದ, ಕಚ್ಚು ಹಾಕಿದ. ‘ನೀರು ತಾ’ ಅಂದನಂತ. ಅವ್ವ ತಂಬಿಗಿ ತರೂದ್ರೊಳಗ ಕಂಬಕ್ಕ ಒರಗಿದ್ದ. ನಿದ್ದಿ ಹತ್ತೇತಿ ಅಂತ ಅವ್ವ ತಂಬಿಗಿ ಹಿಡಕೊಂಡು ನಿಂತಿದ್ಲಂತ.”

ಹುಲಿಗವ್ವ ತೊಡೆಯ ಮೇಲಿನ ಕಾಯಿಯನ್ನು ಕೈಯಿಂದ ಸವರಿದಳು. ಆಮೇಲೆ, “ಛಲೋ ಹೋಗ್ಯಾನ ಬಿಡವಾ,” ಎಂದಳು.

*

ಯಲಬುರ್ಗಾ ಸಂತೆಯಲ್ಲಿ ಬೇವಿನ ಮರದ ನೆರಳು ಅರ್ಧ ಈಶಪ್ಪನದು, ಅರ್ಧ ಶಾಮೀದಸಾಬನದು. ಇವನದು ಕುಂಬಳಕಾಯಿ, ಅವನದು ಬಳೆ. ಇಬ್ಬರೂ ಒಂದೇ ಬಂಡಿಯಲ್ಲಿ ಬರುತ್ತಿದ್ದರು. ಬಳೆ ಪೋಣಿಸಿದ ಮಲಾರ ಕುಂಬಳಕಾಯಿಯ ಮೇಲೆ ಕೂತು ಬರುತ್ತಿತ್ತು. ಒಂದು ಬಳೆಯೂ ಒಡೆಯುತ್ತಿರಲಿಲ್ಲ.

“ಹುಡುಕಿ ಹುಡುಕಿ ನನ್ನ ಮಗ್ಗಲಕ್ಕ ಕುಂತಾನ ನೋಡ್ರಿ,” ಎನ್ನುತ್ತಿದ್ದ ಈಶಪ್ಪ ಬಂದ ಹೆಂಗಸರಿಗೆ. “ಬಳಿ ಇಡಸ್ಕೊಳ್ಳಾಕ ಬಂದವ್ರು ಕಾಯಿ ಒಯ್ಯಲಿ ಅಂತ.”

“ಕಾಯಿಗೆ ಬಂದವ್ರು ಬಳಿ ಇಡಸ್ಕೊಂಡು ಹೋಗ್ತಾರ, ಅದನ್ನ ಹೇಳಂಗಿಲ್ಲ ನೀ,” ಎನ್ನುತ್ತಿದ್ದ ಶಾಮೀದಸಾಬ.

ಈಶಪ್ಪ ಕಾಯಿಯನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ ಕೇಳಿ, ಆಮೇಲೆ ಕೊಡುವವನು. ಗಂಡಸರು ದುಡಿಯಲು ದೂರ ಹೋದ ಮನೆಯವರು, ಗಂಡ ಸತ್ತವರು ಬಂದರೆ ಅವನೇ ಕೇಳುತ್ತಿದ್ದ, “ಕಚ್ಚು ಹಾಕ್ಲೇನವಾ?” ಅಷ್ಟೇ. ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಎಂದೂ ಕೇಳಲಿಲ್ಲ. ಕುಡುಗೋಲಿನಿಂದ ಒಂದು ಕಚ್ಚು ಹಾಕಿ, ಅದರ ಮೇಲೆ ಮುತ್ತಲದ ಎಲೆ ಒತ್ತಿ, ಎರಡೂ ಕೈಯಿಂದ ಕೊಡುತ್ತಿದ್ದ. ಅವನ ಕಚ್ಚು ಬಿದ್ದ ಕಾಯಿಗೆ ರುಚಿ ಹೆಚ್ಚು ಎಂದು ಕೆಲವರು ಹೇಳುವುದಿತ್ತು. ಗಂಡ ಮನೆಯಲ್ಲಿ ಇದ್ದವರೂ ಅಲ್ಲೇ ಕಚ್ಚು ಹಾಕಿಸಿಕೊಂಡು ಹೋಗತೊಡಗಿದರು.

ಸಂತೆ ಮುಗಿದ ಮೇಲೆ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ರೊಟ್ಟಿ, ಕುಂಬಳದ ಪಲ್ಯ, ಒಂದು ಉಳ್ಳಾಗಡ್ಡಿ. “ಇಷ್ಟಾದ್ರ ಸಾಕಲ್ಲೋ ಶಾಮೀದ?” ಎಂದು ಈಶಪ್ಪ ಪ್ರತಿ ಸಲ ಕೇಳುವನು. ಅದು ಕೇಳುವ ಮಾತಲ್ಲ ಎಂದು ತಿಳಿದಿದ್ದ ಶಾಮೀದಸಾಬ ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಎರಡು ಮಾಡುವನು.

*

ಹೆಣ ಎತ್ತುವ ಮುಂಚೆ ಕಳಕಮ್ಮನ ಬಳೆ ಇಳಿಸಬೇಕಾಗಿತ್ತು. ಒಬ್ಬ ಮುದುಕಿ ಕಲ್ಲು ತಂದಳು. “ಒಡೀಬ್ಯಾಡ್ರಿ,” ಎಂದು ಕಳಕಮ್ಮ ಕೈಗೆ ಎಣ್ಣೆ ಸವರಿಕೊಂಡು ಒಂದೊಂದೇ ಬಳೆ ತೆಗೆದು ಮಗಳ ಉಡಿಯಲ್ಲಿ ಹಾಕಿದಳು. ಹಬ್ಬಕ್ಕೆಂದು ಮೊನ್ನೆಯಷ್ಟೇ ಶಾಮೀದಸಾಬ ಇಟ್ಟಿದ್ದ ಹಸಿರು ಬಳೆಗಳು. ಅವನು ಅಂಗಳದ ಆ ತುದಿಗೆ ಹೋಗಿ ಎತ್ತಿನ ಕೊರಳು ತುರಿಸುತ್ತ ನಿಂತ.

ಹೊಲದಲ್ಲಿ, ಗುಡಿಸಲಿನ ಮಗ್ಗುಲಿಗೆ ಕುಣಿ ತೋಡಿದ್ದರು. ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿತ್ತು. ಹೊತ್ತವರು ಬೆಳೆ ತುಳಿಯದೆ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದರು. ಗುಡಿಸಲ ಮೇಲೆ ಕಾಯಿಗಳು ಇರಲಿಲ್ಲ, ಒಣಗುತ್ತಿದ್ದ ಬಳ್ಳಿ ಇತ್ತು. ಮಠದ ಅಯ್ಯನವರು ಹೇಳಿಕೊಟ್ಟಂತೆ ಎಲ್ಲರೂ ಮೂರು ಹಿಡಿ ಮಣ್ಣು ಹಾಕಿದರು. ಶಾಮೀದಸಾಬನೂ ಹಾಕಿದ.

*

ಮಿಂದು ಬಂದು ಅಂಗಳದಲ್ಲಿ ಕೂತಾಗ ಹೊತ್ತು ನೆತ್ತಿ ದಾಟಿತ್ತು. ಸತ್ತ ಮನೆಯ ಒಲೆ ಹೊತ್ತಿಸುವಂತಿಲ್ಲ. ಎದುರು ಮನೆಯ ಶಾಂತಕ್ಕ ಬುಟ್ಟಿ ತುಂಬ ರೊಟ್ಟಿ, ತಪ್ಪಲೆ ತುಂಬ ಬೇಳೆ ತಂದಿಟ್ಟಳು. ವಿರೂಪಾಕ್ಷಪ್ಪ ರೊಟ್ಟಿಗೆ ಕೈ ಹಾಕುವ ಮೊದಲು ಶಾಮೀದಸಾಬನನ್ನು ನೋಡಿದ.

“ಆ ಕಾಯಿ ಒಗದು ಬಾ ಅಂದಿದ್ನೆಲ್ಲ.”

ಶಾಮೀದಸಾಬ ಎದ್ದ. ಅವನಿಗಿಂತ ಮೊದಲು ಕಳಕಮ್ಮ ಒಳಗಿನಿಂದ ಕಾಯಿಯನ್ನು ತಬ್ಬಿಕೊಂಡು ಬಂದು ಎಲ್ಲರ ನಡುವೆ ಇಟ್ಟಳು.

“ಭಾವಾರ, ಒಂದು ಕೇಳ್ತೀನಿ. ಕಚ್ಚು ಹಾಕಿದಾಗ ಅವ್ರು ಇದ್ರೋ ಇಲ್ಲೋ?”

“ಇದ್ದ. ಇರಲಾರದ ಹ್ಯಾಂಗ ಹಾಕ್ತಾನ?”

“ಆಗ ಈ ಮನಿಗೆ ಸೂತಕ ಇತ್ತೇನು?”

ವಿರೂಪಾಕ್ಷಪ್ಪ ರೊಟ್ಟಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದ.

“ಗಂಡಸಿನ ಕೆಲಸ ಅವ್ರು ಮಾಡಿ ಹೋಗ್ಯಾರ. ಇನ್ನ ಉಳದದ್ದು ಹೆಂಗಸರ ಕೆಲಸ. ಅದನ್ನ ಮಾಡಬ್ಯಾಡ ಅಂತ ಯಾವ ರೂಢಿಯಾಗ ಐತ್ರಿ?”

“ಮಾತಿಗೆ ಮಾತು ಸರಿ ಐತಿ,” ಎಂದ ಕೊನೆಗೆ ವಿರೂಪಾಕ್ಷಪ್ಪ. “ಆದ್ರ ಈ ಮನಿಯಾಗ ಎಣ್ಣಿ ಇಟ್ಟು ಕರಿಯಂಗಿಲ್ಲ. ಗಾರಿಗಿ ಗೀರಿಗಿ ಇಲ್ಲ.”

“ಪಲ್ಲೆ ಮಾಡಿದ್ರಾತು. ನಮ್ಮ ಒಲಿ ಇನ್ನೂ ಆರಿಲ್ಲ,” ಎಂದಳು ಶಾಂತಕ್ಕ.

ಕಳಕಮ್ಮ ಕುಡುಗೋಲಿನ ಹಿಡಿಗೆ ಕೈ ಹಾಕಿದಳು. ಅದು ಬರಲಿಲ್ಲ. ಶಾಮೀದಸಾಬ ಮುಂದೆ ಬಂದವನು ಹಿಂದೆ ಸರಿದ. ಅವಳು ಕಾಯಿಯನ್ನು ಮೊಣಕಾಲಿನಿಂದ ಒತ್ತಿ, ಹಿಡಿಯನ್ನು ಅತ್ತ ಇತ್ತ ಅಲುಗಾಡಿಸಿದಳು. ಗಂಡ ನೆಟ್ಟ ಜಾಗದಿಂದ ಕುಡುಗೋಲು ಬಿಟ್ಟು ಬಂತು. ಅದೇ ಕಚ್ಚಿನಲ್ಲಿ ಮತ್ತೆ ಇಳಿಸಿ ಎಳೆದಳು. ಕಾಯಿ ಎರಡಾಯಿತು. ಒಳಗೆ ಕೇಸರಿ ಬಣ್ಣ, ಹಸಿ ವಾಸನೆ, ಒತ್ತೊತ್ತಾಗಿ ಬೀಜ.

ಅವಳು ಬೀಜ ತೆಗೆದಳು. ಶಾಂತಕ್ಕ ಹೋಳು ಒಯ್ದು, ಹಸಿಮೆಣಸು, ಶೇಂಗಾಪುಡಿ, ಚೂರು ಬೆಲ್ಲ ಹಾಕಿ ಪಲ್ಯ ಮಾಡಿ ತಂದಳು. ಬಿಸಿ ಪಲ್ಯ ರೊಟ್ಟಿಯ ಮೇಲೆ ಬಿತ್ತು. ವಿರೂಪಾಕ್ಷಪ್ಪ ಮೊದಲ ರೊಟ್ಟಿ ತಲೆ ತಗ್ಗಿಸಿಯೇ ತಿಂದ. ಎರಡನೆಯದಕ್ಕೆ ಪಲ್ಯ ಬಡಿಸುವಾಗ ಶಾಂತಕ್ಕ, “ಸಾಕೇನ್ರಿ ಯಜಮಾನ್ರ, ಇಲ್ಲಾ ಹಳ್ಳಕ್ಕ ಹಾಕಿ ಬರ್ಲೋ?” ಎಂದಳು.

“ಹಾಕವಾ, ಇಲ್ಲೇ ಹಾಕು,” ಎಂದ ಅವನು ತಲೆ ಎತ್ತದೆ. ಅನ್ನಮ್ಮ ಆ ದಿನ ಮೊದಲ ಸಲ ನಕ್ಕಳು.

ಊಟವಾದ ಮೇಲೆ ಹುಲಿಗವ್ವ ತನ್ನ ಕಾಯಿಯನ್ನು ಎತ್ತಿಕೊಂಡು ನಿಂತಳು. ಹೋಗಲೂ ಇಲ್ಲ, ಕೂರಲೂ ಇಲ್ಲ.

“ತಮ್ಮಾ,” ಎಂದಳು ಕಳಕಮ್ಮ ಶಾಮೀದಸಾಬನಿಗೆ, “ಅಕಿಗೊಂದು ಕಚ್ಚು ಹಾಕಿ ಕೊಡು.”

“ನಾನೇನ್ ವೈನಿ? ನಾ ಬಳಿಗಾರ.”

“ಹುಂಜಕ್ಕಿಂತ ವಾಸಿ ಇದ್ದಿಯಲ್ಲ,” ಎಂದಳು ಹುಲಿಗವ್ವ.

ಶಾಮೀದಸಾಬ ಕುಡುಗೋಲು ತೆಗೆದುಕೊಂಡ. ಕೂತು, ಕಾಯಿಯನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿದ. ಎಷ್ಟೋ ಹೊತ್ತು ಹಚ್ಚಿಯೇ ಇದ್ದ. ಆಮೇಲೆ ಕಚ್ಚು ಹಾಕಿ, ಎರಡೂ ಕೈಯಿಂದ ಕೊಟ್ಟ.

ಮಂದಿ ಕರಗಿದರು. ಬಿಸಿಲು ಅಂಗಳದಿಂದ ಗೋಡೆಗೆ ಏರಿತು. ಕಳಕಮ್ಮ ಗಂಡ ಸಂತೆಯಲ್ಲಿ ಹಾಸುತ್ತಿದ್ದ ಕರಿ ಕಂಬಳಿ ಬಿಚ್ಚಿ, ಬೂದಿ ಹಚ್ಚಿದ ಬೀಜಗಳನ್ನು ಒಂದೊಂದಾಗಿ ಅದರ ಮೇಲೆ ಬಿಡಿಸಿ ಇಡುತ್ತಿದ್ದಳು. ಕೈ ಇನ್ನೂ ಒದ್ದೆಯಾಗಿತ್ತು. ವಿರೂಪಾಕ್ಷಪ್ಪ ಚಪ್ಪಲಿ ಮೆಟ್ಟಿಕೊಂಡವನು ಬಾಗಿಲಲ್ಲಿ ನಿಂತು ಕೆಮ್ಮಿದ.

“ಕಳಕಮ್ಮ, ನಮ್ಮ ಹೊಲದಾಗೂ ಒಂದು ಗುಡಿಸಲ ಐತಿ.”

“ಒಣಗಲಿ ಭಾವಾರ. ಕೊಟ್ಟು ಕಳಸ್ತೀನಿ.”

ಅನ್ನಮ್ಮ ತಾಯಿಯ ಪಕ್ಕ ಬಂದು ಕೂತಳು. ತಾಯಿಯ ಬೋಳಾಗಿದ್ದ ಮಣಿಕಟ್ಟಿನ ಸುತ್ತ ಬಿಳಿ ಬೀಜಗಳು ಸಾಲಾಗಿ ಅಂಟಿಕೊಂಡಿದ್ದವು. ಅವಳು ಸೆರಗಿನ ತುದಿಯಿಂದ ಒರೆಸಲು ಹೋದಳು. ಕಳಕಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು.

“ಇರಲಿ ಬಿಡ. ಒಣಗಿದ್ರ ತಾವ ಉದುರ್ತಾವ.”

ಬಂಡಿಗೆ ಎತ್ತು ಹೂಡಲು ಬಂದ ಶಾಮೀದಸಾಬ ಆ ಕೈಯನ್ನು ನೋಡಿದ. ತಾನು ಎಷ್ಟೋ ವರ್ಷ ಅಳತೆ ಕೇಳದೆ ಬಳೆ ಇಟ್ಟ ಕೈ ಅದು. ಅವನು ನೊಗವನ್ನು ಸದ್ದಾಗದಂತೆ ಎತ್ತಿನ ಹೆಗಲಿಗೆ ಇಳಿಸಿದ.