ಸೂಕ್ತ ಮಟ್ಟದಲ್ಲಿ

“ಬತ್ತಾನಾ, ಬರಲ್ವಾ? ಅಷ್ಟು ಏಳಿ ಸಾಕು ಸಾಮಿ,” ಎಂದಳು ಮುನಿಗಂಗಮ್ಮ. ಕುರ್ಚಿ ತೋರಿಸಿದರೂ ಕೂತಿರಲಿಲ್ಲ.

ಶ್ರೀರಾಮಪ್ಪನವರು ಕನ್ನಡಕ ಏರಿಸಿ, ಅವಳು ತಂದಿದ್ದ ವಿದೇಶಾಂಗ ಇಲಾಖೆಯ ಕಾಗದವನ್ನು ಎರಡನೇ ಸಲ ಓದಿದರು. ‘ತಮ್ಮ ಮಗನ ವಿಷಯವನ್ನು ಸೂಕ್ತ ಮಟ್ಟದಲ್ಲಿ ಪ್ರಸ್ತಾಪಿಸಲಾಗಿದೆ.’ ಅವಳ ಮಗ ವೇಣು ಲಾರಿ ಓಡಿಸುವ ಕೆಲಸವೆಂದು ಏಜೆಂಟನ ಮಾತು ನಂಬಿ ವಿದೇಶಕ್ಕೆ ಹೋದವನು. ಅಲ್ಲಿ ಕೈಗೆ ಬಂದೂಕು ಕೊಟ್ಟು ಯುದ್ಧಕ್ಕೆ ನೂಕಿದ್ದರು. ನಾಲ್ಕು ತಿಂಗಳಿಂದ ಫೋನಿಲ್ಲ. ಅದೇ ದೇಶದಲ್ಲಿ ಶ್ರೀರಾಮಪ್ಪನವರು ಆರು ವರ್ಷ ರಾಯಭಾರಿಯಾಗಿದ್ದರು. ನಿವೃತ್ತರಾಗಿ ಬಂಗಾರಪೇಟೆಗೆ ಬಂದ ಮೇಲೂ ನೇರವಾಗಿ ಮಾತಾಡುವ ಚಾಳಿ ಮಾತ್ರ ಅವರಿಗೆ ಅಂಟಿರಲಿಲ್ಲ.

“ನೋಡಿಯಮ್ಮ, ಇದು ದೊಡ್ಡ ದೇಶಗಳ ಜಗಳ. ಅವರ ಬೆನ್ನ ಹಿಂದೆ ಇನ್ನೂ ದೊಡ್ಡವರಿದ್ದಾರೆ. ನಾವು ಯಾರ ಕಡೆಗೂ ಇಲ್ಲ. ಸ್ವಲ್ಪ ತಾಳ್ಮೆ...”

“ನೀವು ಯಾರ ಕಡೆಗೂ ಇಲ್ದಿದ್ರೆ ನನ್ ಮಗ ಯಾರ ಕಡೆ ಸಾಯ್ಬೇಕು?”

ಅವರು ಕೆಮ್ಮಿದರು. ಕೆಮ್ಮಲು ಅದೇ ಸಮಯ ಬೇಕಿತ್ತು ಅವರಿಗೆ.

“ಏಜೆಂಟು ಮನೆ ಬಾಗ್ಲಿಗೆ ಬಂದಿದ್ದ. ಕಾಗ್ದ ಬಂತಲ್ಲ, ಉಡುಗ ಬಂದಂಗೇ ಲೆಕ್ಕ, ನನ್ ಮೇಲಿನ ಕಂಪ್ಲೇಂಟ್ ವಾಪಸ್ ತಗೋ ಅಂತಾನೆ. ಮಧ್ಯಾನ ಸ್ಟೇಷನ್‌ಗೆ ಓಗ್ಬೇಕು. ತಗೊಳ್ಳಾ, ಬ್ಯಾಡ್ವಾ?”

“ಅದು ನಿಮ್ಮ ವಿವೇಚನೆಗೆ ಬಿಟ್ಟಿದ್ದು.”

“ಥೂ!” ಎಂದಳು ಮುನಿಗಂಗಮ್ಮ. “ನಮ್ ಯಜಮಾನ್ರು ಕೋಲಾರದ ಚಿನ್ನದ ಗಣೀಲಿ, ಮೈಸೂರು ಮೈನ್ಸಲ್ಲಿ ಕೆಲ್ಸಕ್ಕಿದ್ರು. ಗಣಿಗಿಳಿಯೋವಾಗ ನಂಬರ್ ಬಿಲ್ಲೆ ಈಸ್ಕೊಳ್ಳೋರು, ಮೇಲೆ ಬಂದು ವಾಪಸ್ ಕೊಡೋರು. ಒಂದು ಬಿಲ್ಲೆ ಬರ್ಲಿಲ್ಲ ಅಂದ್ರೆ ಆಯ್ತು, ಮನೆಗೋಗೋ ಜನ ಅಂಗೇ ತಿರುಗಿ ಕೆಳಗಿಳಿದು ಉಡುಕೋರು. ಕೂಲಿಯೋರು ಸಾಮಿ ಅವ್ರು! ನನ್ ಮಗನ ಬಿಲ್ಲೆ ನಿಮ್ ಆಫೀಸಲ್ಲಿ ಯಾರತ್ರ ಐತೆ?”

“ಯಾರ ಹತ್ತಿರವೂ ಇಲ್ಲ!” ಶ್ರೀರಾಮಪ್ಪನವರು ಕಾಗದವನ್ನು ಮೇಜಿನ ಮೇಲೆ ಬಡಿದರು. “ಈ ವಾಕ್ಯ ನಾನೇ ನೂರು ಸಲ ಬರೆದಿದ್ದೀನಿ. ಬರೆದಾಗ ಒಂದು ಸಲವೂ, ಯಾರನ್ನೂ, ಏನೂ ಕೇಳಿರಲಿಲ್ಲ. ಒಬ್ಬ ಲಾರಿ ಡ್ರೈವರಿಗೋಸ್ಕರ ಅಂಥ ದೇಶದವರನ್ನ ಯಾರಮ್ಮ ಎದುರು ಹಾಕ್ಕೊಳ್ತಾರೆ? ಅವರ ಎಣ್ಣೆ ಬೇಕು, ಫಿರಂಗಿ ಬೇಕು. ನಿಮ್ಮ ಮಗ ಯಾರಿಗೆ ಬೇಕು?”

ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು. ಮುನಿಗಂಗಮ್ಮ ಅಳಲಿಲ್ಲ.

“ಅಂದ್ರೆ ಏಜೆಂಟನ್ನ ಬಿಡ್ಬಾರ್ದು.”

“ಬಿಡಬೇಡಿ.”

“ಅಂಗಾದ್ರೆ ಈಗ ಏಳಿದ್ದನ್ನೆಲ್ಲ ಬರ್ದು ಕೊಡಿ. ಕಂಪ್ಲೇಂಟ್ ಜತೆ ಇಡ್ತೀನಿ. ಕೆಳಗೆ ಸೈನ್ ಆಕಿ.”

“ಬಾಯಲ್ಲಿ ಹೇಳೋದು ಬೇರೆ ಅಮ್ಮ, ಬರೆಯೋದು...”

“ನಿಮ್ ಬಾಯಿ ಮಾತು ಇಟ್ಕೊಂಡು ನಾನೇನ್ ಉಪ್ಪಿನಕಾಯಿ ಆಕ್ಲಾ?”

ಶ್ರೀರಾಮಪ್ಪನವರು ಬಿಳಿ ಹಾಳೆಯೊಂದನ್ನು ಎಳೆದುಕೊಂಡರು. ಮೇಲೆ ತಾರೀಖು ಬರೆದರು. ಆಮೇಲೆ ತೀರ ಕೆಳಗೆ, ಮುದ್ದಾದ ಅಕ್ಷರಗಳಲ್ಲಿ, ತಮ್ಮ ಸಹಿ ಹಾಕಿದರು.

ಮುನಿಗಂಗಮ್ಮನಿಗೆ ಓದು ಬರುತ್ತಿರಲಿಲ್ಲ. ಮೇಜಿನ ಮೇಲೆ ಬಗ್ಗಿ, ನಡುವಿನ ಖಾಲಿ ಜಾಗದ ಮೇಲೆ ಬೆರಳಿಟ್ಟು, ಅಲ್ಲೇ ನಿಂತಳು.