ಅಕ್ಕ ಆಚೆ ದಂಡೆಯಲ್ಲಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಬಟ್ಟೆ ಒಗೆಯುವ ವಿಭಾಗಕ್ಕೆ ಅಕ್ಕನೇ ಮೇಲ್ವಿಚಾರಕಿ. ಹನ್ನೆರಡು ಹೆಂಗಸರು, ನಾಲ್ಕು ದೊಡ್ಡ ಯಂತ್ರಗಳು, ದಿನವಿಡೀ ಬಿಸಿ ಉಗಿ, ಮುಗಿಯದಷ್ಟು ಬಿಳಿ ಹಾಸುಬಟ್ಟೆ. ಅಲ್ಲಿ ಅವಳು ಹೇಳಿದ್ದೇ ಹೇಳಿದ್ದು. ವರ್ಷಕ್ಕೊಮ್ಮೆ ಐದು ದಿನ ರಜೆ ಹಾಕಿ, ತಂಗಿಯನ್ನು ಕರೆದುಕೊಂಡು ಕಾಲುವೆ ದಂಡೆಯ ಮೇಲೆ ಸೈಕಲ್ ತುಳಿಯಲು ಹೊರಟರೆ ಅಲ್ಲೂ ಅಷ್ಟೇ. ಎಷ್ಟು ಗಂಟೆಗೆ ಹೊರಡಬೇಕು, ಎಲ್ಲಿ ಬ್ರೆಡ್ಡು ಬಿಚ್ಚಬೇಕು, ಯಾವ ಮರದ ಕೆಳಗೆ ಕಾಲು ಚಾಚಬೇಕು ಎಲ್ಲವೂ ಅವಳ ತಲೆಯಲ್ಲಿ ಮೊದಲೇ ಮಡಿಚಿಟ್ಟಿರುತ್ತಿತ್ತು.

ಹದಿನಾಲ್ಕು ವರ್ಷದಿಂದ ಇದು ತಪ್ಪಿರಲಿಲ್ಲ. ದಂಡೆಯ ಎರಡೂ ತುದಿಗೆ ಕಬ್ಬಿಣದ ತಡೆಗಂಬ ನೆಟ್ಟಿದ್ದರಿಂದ ಮೋಟಾರು ಗಾಡಿ ಯಾವುದೂ ಒಳಗೆ ಬರುವಂತಿರಲಿಲ್ಲ. ಅಂಗೈಯಷ್ಟು ಸಮತಟ್ಟಾದ ನೆಲ, ಕಣ್ಣು ಹಾಯುವಷ್ಟು ದೂರಕ್ಕೂ ಹೊಲ, ಪಕ್ಕದಲ್ಲಿ ಸದ್ದಿಲ್ಲದೆ ಹರಿಯುವ ನೀರು. ಐದನೆಯ ದಿನ ಕಾಲುವೆ ನದಿ ಸೇರುವ ಊರು ಬರುತ್ತದೆ. ಅಲ್ಲಿಂದ ಸೈಕಲ್ಲುಗಳನ್ನು ರೈಲಿಗೇರಿಸಿ ಮನೆಗೆ ವಾಪಸ್ಸು. ತಂಗಿಗೆ ಮದುವೆಯಾದ ಮೇಲೂ, ಅಂಚೆ ಕಚೇರಿಯ ಕೆಲಸ ಸಿಕ್ಕಿದ ಮೇಲೂ ಆ ಐದು ದಿನ ಮಾತ್ರ ತನ್ನದೇ ಎಂದು ಅಕ್ಕ ನಂಬಿದ್ದಳು.

ಈ ಸಲ ತಂಗಿ ಫೋನು ಮಾಡಿ, "ಅಕ್ಕಾ, ನಮ್ಮ ವಾರಗಿತ್ತೀನೂ ಬರ್ತಾಳಂತೆ, ಕರ್ಕೊಂಡು ಬರ್ಲಾ?" ಎಂದಳು.

ವಾರಗಿತ್ತಿ ಎಂದರೆ ಅವಳ ಮೈದುನನ ಹೆಂಡತಿ. ಬೇಕರಿಯೊಂದರಲ್ಲಿ ಹಿಟ್ಟು ನಾದುವ ಕೆಲಸ. ಗಟ್ಟಿ ತೋಳು, ಅದಕ್ಕಿಂತ ಗಟ್ಟಿ ನಗು.

"ಅವಳಿಗೆ ಆಗುತ್ತೇನೇ? ದಿನಾ ನಲವತ್ತು ಕಿಲೋಮೀಟರು."

"ನನಗಿಂತ ಚೆನ್ನಾಗಿ ತುಳೀತಾಳೆ ಅಕ್ಕ."

ಬೇಡ ಎನ್ನಲು ಅಕ್ಕನಿಗೆ ನೆಪ ಸಿಗಲಿಲ್ಲ.

ಮೊದಲ ದಿನ ಎಂದಿನಂತೆ ಅವಳೇ ಮುಂದೆ. ಹೊರಟು ಒಂದು ಗಂಟೆಯಾಗಿರಬಹುದು, ಹಿಂದಿನಿಂದ "ಅಕ್ಕಾ!" ಎಂಬ ಕೂಗು ಕೇಳಿತು. ಅಕ್ಕ ಬ್ರೇಕು ಹಿಡಿದು, ಒಂದು ಕಾಲು ನೆಲಕ್ಕೂರಿ ತಿರುಗಿದಳು. ಕೂಗಿದ್ದು ಬೇಕರಿಯವಳು, ಕೂಗಿದ್ದು ತಂಗಿಯನ್ನು. ವಾರಗಿತ್ತಿಯರಲ್ಲಿ ತಂಗಿಯೇ ಹಿರಿಯಳಲ್ಲವೇ, ಅವಳಿಗೆ ಇವಳೂ ಅಕ್ಕ. ಅವರಿಬ್ಬರೂ ನೀರಿನಲ್ಲಿ ಏನನ್ನೋ ತೋರಿಸಿಕೊಂಡು ನಗುತ್ತಿದ್ದರು. ಅಕ್ಕ ಸೈಕಲ್ಲಿನ ಚೈನು ನೋಡುವವಳಂತೆ ಬಗ್ಗಿ ಎದ್ದಳು. ಇಷ್ಟು ವರ್ಷ ತನ್ನೊಬ್ಬಳ ಸ್ವತ್ತಾಗಿದ್ದ ಆ ಎರಡಕ್ಷರಕ್ಕೂ ಪಾಲುದಾರರು ಹುಟ್ಟಿಕೊಂಡರಲ್ಲ ಎಂದು ಅವಳಿಗೆ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಯಿತು.

ಆಮೇಲೆ ನೋಡಿದ್ದೆಲ್ಲ ಆ ಕೆಂಡಕ್ಕೆ ಸೌದೆಯೇ. ಬೇಕರಿಯವಳು ತಂದಿದ್ದ ಬನ್ನು ಅಕ್ಕ ತಂದಿದ್ದ ಬ್ರೆಡ್ಡಿಗಿಂತ ಮೆತ್ತಗಿತ್ತು. ತಂಗಿ ಎರಡು ತಿಂದಳು. ಸಂಜೆ ತಂಗಿದ ವಸತಿಗೃಹದಲ್ಲಿ ಮೂರು ಮಂಚ. ತಂಗಿ ನಡುವಿನದನ್ನು ಹಿಡಿದು, ಮುಖ ಮಾತ್ರ ಆ ಕಡೆಗೆ ತಿರುಗಿಸಿ ಮಲಗಿದಳು. ಎರಡನೆಯ ದಿನ ಎಲ್ಲಿ ಊಟಕ್ಕೆ ಕೂರುವುದೆಂಬ ಮಾತು ಬಂದಾಗ ಅಕ್ಕ ಒಂದು ಜಾಗ ಹೇಳಿದಳು, ಬೇಕರಿಯವಳು ಇನ್ನೊಂದು.

"ಎತ್ತು ಏರಿಗೆ, ಕೋಣ ನೀರಿಗೆ. ನಾನೇನು ಮಾಡ್ಲಿ?" ಎಂದು ತಂಗಿ ನಕ್ಕು, ಕಡೆಗೆ ನೀರಿನ ಬದಿಗೇ ಹೋಗಿ ಕುಳಿತಳು. ಅದು ಬೇಕರಿಯವಳು ಹೇಳಿದ ಜಾಗ.

"ಹಾಗಾದ್ರೆ ಕೋಣ ಯಾರು, ನಾನಾ?" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕನ ತುಟಿ ಅರಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅಕ್ಕ ತೂಬಿನ ಬಳಿ ನೀರು ತುಂಬಿಕೊಳ್ಳಲು ಇಳಿದಳು. ತೂಬಿನ ಕಾವಲುಗಾರನ ಕೋಣೆಯ ಗೋಡೆಗೆ ಒಂದು ನಲ್ಲಿ ಇತ್ತು. ಬಾಟಲಿ ಅರ್ಧ ತುಂಬುವಷ್ಟರಲ್ಲಿ ಉಳಿದಿಬ್ಬರು ಅಕ್ಕಪಕ್ಕದಲ್ಲೇ ಸೈಕಲ್ ತುಳಿಯುತ್ತ, ಮಾತಿನಲ್ಲಿ ಮುಳುಗಿ, ಅವಳನ್ನು ದಾಟಿಕೊಂಡೇ ಹೋದರು. ಅಕ್ಕ ನಿಂತಿದ್ದು ಅವರ ಕಣ್ಣಿಗೇ ಬೀಳಲಿಲ್ಲ.

"ನಿಮ್ಮೋರಾ?" ಎಂದು ಕಾವಲುಗಾರ ಕೇಳಿದ. "ಕೂಗಿ ಅವರನ್ನ. ಮುಂದೆ ಏಳು ಕಿಲೋಮೀಟರು ಹೋದ್ರೆ ಈ ದಂಡೆ ಕುಸಿದಿದೆ, ದಾಟೋಕಾಗಲ್ಲ. ಇಲ್ಲೇ ಈ ಕಾಲುಸೇತುವೆ ದಾಟಿ ಆಚೆ ದಂಡೇಲಿ ಹೋಗ್ಬೇಕು. ಮಧ್ಯೆ ಎಲ್ಲೂ ಸೇತುವೆ ಇಲ್ಲ."

ಅವರಿನ್ನೂ ಐವತ್ತು ಹೆಜ್ಜೆ ದೂರದಲ್ಲಿದ್ದರು. ಒಮ್ಮೆ ಸೈಕಲ್ಲಿನ ಗಂಟೆ ಬಾರಿಸಿದ್ದರೆ ಸಾಕಿತ್ತು. ಅಕ್ಕನ ಹೆಬ್ಬೆರಳು ಗಂಟೆಯ ಮೇಲೇ ಇತ್ತು. ಆ ಎರಡು ಬೆನ್ನುಗಳನ್ನು ನೋಡುತ್ತ ಅವಳು ಬೆರಳು ತೆಗೆದಳು.

"ಅವರಿಗೆ ಗೊತ್ತಾಗುತ್ತೆ ಬಿಡಿ," ಎಂದಳು. ಕಾಲುಸೇತುವೆ ದಾಟಿ ಆಚೆ ದಂಡೆಗೆ ಹೋದಳು.

ಸ್ವಲ್ಪ ಹೊತ್ತಿನಲ್ಲೇ ಅವರಿಗೆ ಸಮನಾಗಿ ಬಂದಳು. ನಡುವೆ ಇಪ್ಪತ್ತು ಮಾರು ನೀರು.

"ಅಕ್ಕಾ! ಆ ಕಡೆಗೆ ಯಾಕೆ ಹೋದೆ?" ಎಂದು ತಂಗಿ ಕೂಗಿದಳು.

"ಇಲ್ಲಿ ನೆರಳಿದೆ!"

ನೆರಳೇನೂ ಇರಲಿಲ್ಲ. ತಂಗಿ ಕೈ ಬೀಸಿ ಮತ್ತೆ ಮಾತಿಗಿಳಿದಳು.

ಅಕ್ಕ ಎಷ್ಟೋ ವರ್ಷದ ಮೇಲೆ ತಂಗಿಯನ್ನು ಪಕ್ಕದಿಂದ ನೋಡಿದ್ದು ಆಗಲೇ. ಇಷ್ಟು ವರ್ಷ ಅವಳು ಹಿಂದೆ ಇರುತ್ತಿದ್ದಳು, ಚಕ್ರದ ಸದ್ದಿನಿಂದಲೇ ಇದ್ದಾಳೆಂದು ಗೊತ್ತಾಗುತ್ತಿತ್ತು. ಮಿತಭಾಷಿ ಎಂದುಕೊಂಡಿದ್ದ ತಂಗಿ ಒಂದು ಕೈ ಬಿಟ್ಟು, ಕೈ ತಿರುಗಿಸುತ್ತ, ಅಂಚೆ ಕಚೇರಿಯ ಯಾರನ್ನೋ ಅಣಕಿಸಿ ತೋರಿಸುತ್ತಿದ್ದಳು. ಕುತ್ತಿಗೆ ಹಿಂದಕ್ಕೆ ಎಸೆದು ನಗುತ್ತಿದ್ದಳು. ಆ ಮುಖ ಅಕ್ಕನಿಗೆ ಗುರುತೇ ಇರಲಿಲ್ಲ. ಇನ್ನು ಸ್ವಲ್ಪ ಹೊತ್ತು, ಆಮೇಲೆ ತಿರುಗಿ ಏಳು ಕಿಲೋಮೀಟರು ತುಳಿಯಲಿ, ಆಗ ನಗಲಿ ಎಂದು ಹಲ್ಲು ಕಚ್ಚಿದಳು.

ಕುಸಿದ ಜಾಗ ಬಂತು. ಒಂದು ಹಗ್ಗ, ಒಂದು ಮುರುಕು ಹಲಗೆ, ಅದರಾಚೆ ಇಪ್ಪತ್ತು ಹೆಜ್ಜೆಯಷ್ಟು ದಂಡೆ ಕೆಸರಾಗಿ ನೀರಿನ ಕಡೆಗೆ ಜಾರಿತ್ತು. ತಂಗಿ ಇಳಿದು ನಿಂತಳು. ವಾಪಸ್ಸು ಹೋಗೋಣವೆಂದು ಕೈಯಾಡಿಸಿದ್ದು ಅಕ್ಕನಿಗೆ ಕಾಣಿಸಿತು. ಬೇಕರಿಯವಳು ಒಪ್ಪಲಿಲ್ಲ. ಹಿಟ್ಟಿನ ಮೂಟೆ ಹೊರುವವಳಿಗೆ ಸೈಕಲ್ ಯಾವ ಲೆಕ್ಕ? ಅದನ್ನು ಹೆಗಲಿಗೇರಿಸಿ ಕೆಸರಿಗೆ ಕಾಲಿಟ್ಟಳು.

ನಾಲ್ಕನೆಯ ಹೆಜ್ಜೆಗೆ ಮೊಣಕಾಲವರೆಗೆ ಹೂತಳು. ಐದನೆಯದಕ್ಕೆ ಕೆಸರೇ ಜಾರಿತು. ಸೈಕಲ್ ನೀರಿಗೆ ಬಿತ್ತು. ಅದರ ಚೀಲದ ಪಟ್ಟಿ ಹಿಡಿದುಕೊಂಡಿದ್ದವಳು ತಾನೂ ಸೊಂಟದವರೆಗೆ ನೀರಿಗಿಳಿದಳು.

"ಬಿಡೇ! ಸೈಕಲ್ ಬಿಡು! ಬಿಟ್ಟು ಮೇಲೆ ಬಾ!" ಅಕ್ಕ ತನ್ನ ಸೈಕಲ್ಲನ್ನು ನೆಲಕ್ಕೆ ಬೀಳಿಸಿ ನೀರಿನಂಚಿಗೆ ಓಡಿದಳು. ಅವಳಿಗೆ ಈಜು ಬಾರದು. ತಂಗಿ ಕೆಸರಿನಲ್ಲಿ ಬೋರಲು ಬಿದ್ದು ವಾರಗಿತ್ತಿಯ ಅಂಗಿಯ ಕಾಲರು ಹಿಡಿದು ಎಳೆಯುತ್ತಿದ್ದಳು. ಕಡೆಗೆ ಬೇಕರಿಯವಳು ಪಟ್ಟಿ ಬಿಟ್ಟಳು, ತೆವಳಿಕೊಂಡು ಮೇಲೆ ಬಂದಳು. ಸೈಕಲ್ ಒಮ್ಮೆ ಮುಂದಿನ ಚಕ್ರ ತೋರಿಸಿ, ಹರಿವಿನ ಜೊತೆ ಹೋಯಿತು.

ಇಬ್ಬರೂ ಕೆಸರಿನ ಮುದ್ದೆಯಂತೆ ಕುಳಿತರು. ಬೇಕರಿಯವಳು ಏದುಸಿರು ಬಿಡುತ್ತಲೇ ಈ ಕಡೆಗೆ ಕೂಗಿದಳು: "ಅಕ್ಕಾವ್ರೇ, ನೀವು ಆ ಕಡೆ ಹೋಗಿದ್ದೇ ಒಳ್ಳೇದಾಯ್ತು ನೋಡಿ!"

ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲಾಗಲಿಲ್ಲ.

"ನಂಗೆ ಗೊತ್ತಿತ್ತು," ಎಂದಳು.

"ಏನು? ಕೇಳಿಸ್ಲಿಲ್ಲ!" ಎಂದಳು ತಂಗಿ.

ಕಿವಿಯಲ್ಲಿ ಪಿಸುಗುಟ್ಟಬೇಕಾದ ಮಾತು. ಅದನ್ನು ಇಪ್ಪತ್ತು ಮಾರು ನೀರಿನಾಚೆಗೆ, ಗಂಟಲು ಹರಿಯುವಂತೆ ಮತ್ತೊಮ್ಮೆ ಕೂಗಬೇಕಾಯಿತು. "ನಂಗೆ ಗೊತ್ತಿತ್ತು ಕಣೇ! ದಂಡೆ ಕುಸಿದಿದೆ ಅಂತ ತೂಬಿನವನು ಹೇಳಿದ್ದ! ನಾನೇ ಕೂಗ್ಲಿಲ್ಲ!"

ತಂಗಿ ಎದ್ದು ತನ್ನ ಸೈಕಲ್ಲನ್ನು ಬಂದ ದಾರಿಗೆ ತಿರುಗಿಸಿದಳು.

ಏಳು ಕಿಲೋಮೀಟರನ್ನೂ ಅವರಿಬ್ಬರು ನಡೆದರು. ತಂಗಿ ತನ್ನ ಸೈಕಲ್ ತಳ್ಳುತ್ತ, ಇನ್ನೊಬ್ಬಳು ಒಂದೇ ಚಪ್ಪಲಿಯಲ್ಲಿ. ಎದುರು ದಂಡೆಯಲ್ಲಿ ಅಕ್ಕನೂ ಸೈಕಲ್ ಹತ್ತದೆ ನಡೆದಳು. ಕಾಲುಸೇತುವೆಯ ಹತ್ತಿರ ಮೂವರೂ ಎದುರಾದರು.

"ಯಾಕೆ?" ಎಂದು ತಂಗಿ ಒಂದೇ ಮಾತು ಕೇಳಿದಳು.

"ನೀವಿಬ್ರೂ ನನ್ನ ನೋಡ್ದೇನೇ ಹೋದ್ರಿ."

"ಅಷ್ಟಕ್ಕೇನಾ? ಅವಳು ಮುಳುಗಿದ್ರೆ?" ಎಂದಳು ತಂಗಿ. "ಅಕ್ಕಾ, ಹದಿನಾಲ್ಕು ವರ್ಷ ನಾನು ನಿನ್ನ ಹಿಂದಿನ ಚಕ್ರ ನೋಡ್ಕೊಂಡು ಬಂದಿದೀನಿ. ಒಂದು ಗಾಡಿ ಬರಲ್ಲ ಈ ದಾರೀಲಿ. ಪಕ್ಕಪಕ್ಕದಲ್ಲಿ ಹೋಗ್ಬಹುದಿತ್ತು. ನೀನು ಒಂದು ದಿನ ಬಾ ಅಂತ ಕರೀಲಿಲ್ಲ. ಇವಳು ಪಕ್ಕದಲ್ಲಿ ಬಂದ್ಲು, ಅಷ್ಟೇ."

ಅಕ್ಕ ಬೇಕರಿಯವಳ ಕಡೆ ತಿರುಗಿದಳು. "ತಪ್ಪಾಯ್ತಮ್ಮಾ."

ಅವಳು ಈಗ ನಗಲಿಲ್ಲ. "ಅದು ನಮ್ಮನೆಯವರ ಸೈಕಲ್ಲು. ಅವರಿಗೆ ನೀವೇ ಹೇಳ್ಬೇಕು," ಎಂದಳು.

"ಹೇಳ್ತೀನಿ."

ಕಾವಲುಗಾರ ಮುಂದಿನ ತೂಬಿಗೆ ಫೋನು ಮಾಡಿದ. ಮರುದಿನ ಬೆಳಿಗ್ಗೆ, ಕಸ ತಡೆಯುವ ಜಾಲರಿಗೆ ಸೈಕಲ್ ಸಿಕ್ಕಿಕೊಂಡಿದೆ ಎಂಬ ಸುದ್ದಿ ಬಂತು. ಅಕ್ಕ ತನ್ನ ಸೈಕಲ್ಲಿನ ಸೀಟನ್ನು ಬೇಕರಿಯವಳ ಎತ್ತರಕ್ಕೆ ಏರಿಸಿ ಬಿಗಿದಳು. "ನೀವಿಬ್ರೂ ಹೋಗಿ. ನಾನು ಬಸ್ಸಲ್ಲಿ ಹೋಗಿ ಅದನ್ನ ರಿಪೇರಿ ಮಾಡಿಸ್ತೀನಿ. ಸ್ಟೇಷನ್ನಲ್ಲಿ ಸಿಗ್ತೀನಿ."

'ನೀನಿಲ್ಲದೆ ನಾವು ಹೋಗಲ್ಲ' ಎಂದು ತಂಗಿ ಹೇಳಬಹುದೆಂದು ಒಂದು ಗಳಿಗೆ ಕಾದಳು. ತಂಗಿ ಹೇಳಲಿಲ್ಲ. ಅವರು ಆಚೆ ದಂಡೆ ಹಿಡಿದು ಪಕ್ಕಪಕ್ಕದಲ್ಲಿ ಹೋದರು. ಇಬ್ಬರೂ ಚುಕ್ಕೆಯಾಗುವವರೆಗೆ ಅಕ್ಕ ನೋಡುತ್ತ ನಿಂತಳು.

ಸೈಕಲ್ಲಿನ ಚಕ್ರ ಸೊಟ್ಟಗಾಗಿತ್ತು, ಹ್ಯಾಂಡಲ್ಲಿಗೆ ಪಾಚಿ ಸುತ್ತಿತ್ತು. ನದಿಯ ಊರಿನ ರಿಪೇರಿಯವನು ಎರಡು ದಿನ ತೆಗೆದುಕೊಂಡ. ಅಷ್ಟೂ ಹೊತ್ತು ಅಕ್ಕ ಅವನ ಅಂಗಡಿಯ ಬಾಗಿಲಲ್ಲಿ ಕುಳಿತು, ಅವರು ಈಗ ಎಲ್ಲಿ ಕುಳಿತಿರಬಹುದು, ಯಾವುದಕ್ಕೆ ನಗುತ್ತಿರಬಹುದು ಎಂದು ಬೇಡವೆಂದರೂ ಲೆಕ್ಕ ಹಾಕಿದಳು. ಪ್ರತಿ ಲೆಕ್ಕವೂ ಉರಿಯಿತು.

ಸ್ಟೇಷನ್ನಿನಲ್ಲಿ ಬೇಕರಿಯವಳು ಸೈಕಲ್ಲನ್ನು ಸುತ್ತ ತಿರುಗಿ ನೋಡಿ, ಬ್ರೇಕು ಹಿಡಿದು ಪರೀಕ್ಷಿಸಿ, "ಹೂಂ, ಪರವಾಗಿಲ್ಲ," ಎಂದಳು. ರೈಲು ಹತ್ತಿದ ಕೂಡಲೇ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ತಂಗಿ ಎದುರಿನ ಸೀಟು ಬಿಟ್ಟು ಅಕ್ಕನ ಪಕ್ಕದಲ್ಲಿ ಕುಳಿತಳು. ಎರಡು ನಿಲ್ದಾಣ ಕಳೆದ ಮೇಲೆ ಆ ಎರಡು ದಿನದ ಕಥೆ ಶುರುಮಾಡಿದಳು: ಎದುರುಗಾಳಿ, ದಾರಿ ತಪ್ಪಿ ಯಾರದೋ ಹಿತ್ತಲಿಗೆ ನುಗ್ಗಿದ್ದು, ಬಾತುಕೋಳಿಗಳು ಅಟ್ಟಿಸಿಕೊಂಡು ಬಂದಿದ್ದು. ಅಕ್ಕನಿಗೆ ಮೂರು ಕಡೆ ತಿದ್ದಬೇಕೆನಿಸಿತು. ತಿದ್ದಲಿಲ್ಲ.

"ಮುಂದಿನ ವರ್ಷ?" ಎಂದು ಅವಳು ಕಡೆಗೆ ಕೇಳಿದಳು.

ತಂಗಿ ಎದುರಿಗೆ ಬಾಯಿ ತೆರೆದು ಮಲಗಿದ್ದವಳನ್ನು ನೋಡಿದಳು. "ಅವಳನ್ನ ಕೇಳ್ಬೇಕಲ್ಲ ಅಕ್ಕ. ಬರ್ತೀನಿ ಅಂದ್ರೆ ಮೂವರೂ ಹೋಗೋಣ."

"ಕೇಳು ಹಾಗಾದ್ರೆ," ಎಂದಳು ಅಕ್ಕ. ಹೊಟ್ಟೆಯೊಳಗಿನ ಕೆಂಡ ಆರಿರಲಿಲ್ಲ. ಆದರೂ ಬೇಕರಿಯವಳ ತಲೆ ಕಿಟಕಿಯ ಚೌಕಟ್ಟಿಗೆ ಬಡಿಯುವುದನ್ನು ಕಂಡು ಎದ್ದು, ತನ್ನ ಸ್ವೆಟರನ್ನು ಮಡಿಚಿ ಅಲ್ಲಿ ಅಡ್ಡ ಇಟ್ಟಳು.