ಯಾರ ಕೈಯ ತುತ್ತು

ಹಿಮಾಯತ್‌ನಗರದ ಡಾಕ್ಟರಮ್ಮ ಶಿವದೇವಿಯ ಹೊಕ್ಕುಳದ ಮೇಲಿನ ಗಂಟನ್ನು ಎರಡು ಬೆರಳಿನಿಂದ ಒತ್ತಿದಳು. ಗಂಟು ಮೆತ್ತಗೆ ಒಳಗೆ ಹೋಯಿತು. ಕೆಮ್ಮು ಅಂದಳು. ಶಿವದೇವಿ ಕೆಮ್ಮಿದಳು. ಗಂಟು ನಿಂಬೆಹಣ್ಣಿನ ಗಾತ್ರಕ್ಕೆ ಉಬ್ಬಿ ಮತ್ತೆ ಹೊರಗೆ ಬಂತು.

"ಏನು ಎತ್ತುವ ಕೆಲಸ ಮಾಡುತ್ತೀಯಮ್ಮಾ ನೀನು? ಸಿಮೆಂಟ್ ಚೀಲವೇ?" ಡಾಕ್ಟರಮ್ಮ ತೆಲುಗಿನಲ್ಲಿ ಕೇಳಿದಳು.

"ನಮ್ಮ ಅತ್ತೀನ್ನ ಎತ್ತತೀನ್ರಿ," ಎಂದಳು ಶಿವದೇವಿ.

ಡಾಕ್ಟರಮ್ಮ ನಗಲಿಲ್ಲ. ಇದು ಹರ್ನಿಯಾ, ಹೊಟ್ಟೆಯ ಒಳಗೋಡೆ ಹರಿದಿದೆ, ಕರುಳು ಅದರ ಸಂದಿಯಿಂದ ಇಣುಕುತ್ತಿದೆ ಎಂದಳು. ಈಗೇನೋ ಒತ್ತಿದರೆ ಒಳಗೆ ಹೋಗುತ್ತದೆ, ಒಂದು ದಿನ ಸಂದಿಯಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು ಬರುತ್ತದೆ. ಬೇಗ ಆಪರೇಷನ್ ಆಗಬೇಕು, ಆಮೇಲೆ ಎರಡು ತಿಂಗಳು ಒಂದು ಕೊಡ ನೀರನ್ನೂ ಎತ್ತಬಾರದು.

"ಆಗೂದಿಲ್ಲರಿ," ಎಂದು ಶಿವದೇವಿ ಹೊಟ್ಟೆಗೆ ಕಟ್ಟಿಕೊಂಡು ಬಂದಿದ್ದ ಹಳೆಯ ಪಂಚೆಯ ತುಂಡನ್ನು ಮತ್ತೆ ಬಿಗಿಯಾಗಿ ಸುತ್ತಿಕೊಂಡಳು.

ಅವಳನ್ನು ಅಲ್ಲಿಗೆ ಎಳೆದುಕೊಂಡು ಹೋಗಿದ್ದವಳು ನಾದಿನಿ ಸ್ನೇಹಲತಾ. ಗಂಡನ ತಂಗಿ. ಹಿಮಾಯತ್‌ನಗರದಲ್ಲೇ ಮನೆ, ಅಮೀರ್‌ಪೇಟೆಯ ಕಂಪ್ಯೂಟರ್ ಕಲಿಸುವ ಸಂಸ್ಥೆಯೊಂದರಲ್ಲಿ ನೌಕರಿ. ಬಾಲಾನಗರದ ಮನೆ ತಲುಪುವವರೆಗೂ ಆಟೋದಲ್ಲಿ ಅತ್ತಿಗೆ ನಾದಿನಿಯರ ಜಗಳ ನಡೆಯಿತು.

"ವೈನಿ, ನಿಮಗ ಸಾಯೋ ಹುಕಿ ಬಂದೈತೇನು?"

"ಸತ್ತರ ಸಾಯ್ತೀನಿ. ನಿಮ್ಮವ್ವನ ಬಾಯಾಗ ತುತ್ತು ಯಾರು ಇಡ್ತಾರ, ನೀ ಇಡ್ತಿ? ಹ್ವಾದ ವರ್ಷ ಇಡಾಕ ಬಂದಿದ್ದೆಲ್ಲ, ಸೀರಿ ಮ್ಯಾಲ ಉಗುಳಿದ್ಲು."

"ಸೀರಿ ಅಲ್ಲ, ಚೂಡಿದಾರ."

"ಏನರ ಆಗಲಿ. ಉಗುಳಿದ್ಲೋ ಇಲ್ಲೋ?"

ಉಗುಳಿದ್ದು ನಿಜ. ಆಟೋದವನು ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ ಹಾರ್ನ್ ಹೊಡೆದ.

ಶಿವದೇವಿಯ ಅತ್ತೆ ಗದಿಗೆಮ್ಮ ಸೇಡಂ ಕಡೆಯ ಹಳ್ಳಿಯವಳು. ಗಂಡ ತೀರಿಕೊಂಡ ಮೇಲೆ ಮಗ ಶಾಂತಪ್ಪನ ಹತ್ತಿರ ಬಾಲಾನಗರಕ್ಕೆ ಬಂದಿದ್ದಳು. ಬಂದ ಹೊಸದರಲ್ಲಿ ಸೊಸೆಯ ರೊಟ್ಟಿಯಲ್ಲಿ ಕೊಂಕು ತೆಗೆಯುತ್ತ ಗಟ್ಟಿಮುಟ್ಟಾಗಿಯೇ ಇದ್ದಳು. ಒಂದು ಬೆಳಗ್ಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು, ಮಾತೂ ನಿಂತಿತು. ಊಂ ಅನ್ನುವುದೊಂದು ಉಳಿಯಿತು. ಅಂದಿನಿಂದ ಅವಳನ್ನು ಎತ್ತಿ ಕೂರಿಸುವುದು, ತೊಳೆಯುವುದು, ಮಗ್ಗುಲು ಬದಲಿಸುವುದು ಎಲ್ಲ ಶಿವದೇವಿಯದು. ಗದಿಗೆಮ್ಮ ತೂಕದ ಹೆಂಗಸು. ಶಾಂತಪ್ಪನಿಗೆ ಲೇತ್ ಶೆಡ್ಡಿನಲ್ಲಿ ಕೆಲಸ. ಮಾದಾಪುರದ ಕಡೆ ಏಳುತ್ತಿದ್ದ ಗಾಜಿನ ಕಟ್ಟಡಗಳ ಲಿಫ್ಟುಗಳಿಗೆ ಆ ಶೆಡ್ಡಿನಿಂದ ಕಬ್ಬಿಣದ ಸಾಮಾನು ಹೋಗುತ್ತಿತ್ತು. ಶೆಡ್ಡಿನ ಹುಡುಗರೆಲ್ಲ ಕಂಪ್ಯೂಟರ್ ಕಲಿಯುತ್ತೇವೆಂದು ಬಿಟ್ಟುಹೋದದ್ದರಿಂದ ಇದ್ದವರ ಮೇಲೆ ಡಬಲ್ ಡ್ಯೂಟಿ ಬಿದ್ದಿತ್ತು. ಅವನು ತಾಯಿ ಏಳುವ ಮುಂಚೆ ಹೋಗಿ, ತಾಯಿ ಉಂಡು ಮಲಗಿದ ಮೇಲೆ ಬರುತ್ತಿದ್ದ.

ಗದಿಗೆಮ್ಮ ಶಿವದೇವಿಯ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ಉಣ್ಣುತ್ತಿರಲಿಲ್ಲ. ಇದು ಗಲ್ಲಿಗೆಲ್ಲ ಗೊತ್ತಿದ್ದ ಸಂಗತಿ. ಪಕ್ಕದ ಮನೆಯ ಕೃಷ್ಣಾಬಾಯಿ ಬೀದರ ಕಡೆಯವಳು, ಒಳ್ಳೆಯ ಹೆಂಗಸು, ತುಪ್ಪ ಸುರಿದು ಶಿರಾ ಮಾಡಿಕೊಂಡು ಬಂದಳು. ಗದಿಗೆಮ್ಮ ಹಲ್ಲು ಕಚ್ಚಿ ಕೂತಳು. ಒಂದು ಭಾನುವಾರ ಶಾಂತಪ್ಪ ತಾಟು ಹಿಡಿದು ಕೂತ, ಅವಳು ಎಡಗೈಯಿಂದ ತನ್ನ ಎದೆ ಕೆರೆದುಕೊಳ್ಳುತ್ತ ಮುಖ ತಿರುವಿದಳು. ಸ್ನೇಹಲತಾಳ ಚೂಡಿದಾರದ ಕತೆಯಂತೂ ಆಯಿತಲ್ಲ.

"ಎದಿ ಬಡಕೊಂಡು ಬ್ಯಾಡ ಅಂತಾಳ ನೋಡು ಮುದುಕಿ. ಸೊಸಿ ಕೈ ಬಿಟ್ಟು ನೀರು ಸೈತ ಮುಟ್ಟಂಗಿಲ್ಲ," ಎಂದು ಗಲ್ಲಿಯ ಹೆಂಗಸರು ಬೆರಗಾದರು.

ಶಿವದೇವಿ ಬೈದಳು. ಈ ಮುದುಕಿ ನನ್ನ ಹೆಣ ಬೀಳಿಸಿಯೇ ಏಳುತ್ತಾಳೆ ಅಂದಳು. ಆದರೆ ಬೈಯುವಾಗ ಅವಳ ಎದೆ ಹಿಗ್ಗುತ್ತಿತ್ತು, ಸುಳ್ಳು ಯಾಕೆ ಹೇಳಬೇಕು? ಅವಳನ್ನು ಯಾರೂ ಯಾವತ್ತೂ ಅಷ್ಟು ದೊಡ್ಡವಳನ್ನಾಗಿ ಮಾಡಿರಲಿಲ್ಲ. ಆ ಹಿಗ್ಗಿಗೆ ಅವಳು ತೆತ್ತದ್ದೂ ಕಡಿಮೆಯಲ್ಲ. ತಮ್ಮನ ಮಗಳ ಮದುವೆಗೆ ಹೋಗಲಿಲ್ಲ. ದವಡೆ ಹಲ್ಲು ನೋವಿಗೆ ಲವಂಗ ಕಚ್ಚಿಕೊಂಡೇ ಒಂದು ವರ್ಷ ಕಳೆದಳು. ಊಟ ಯಾವಾಗಲೂ ಒಲೆಯ ಮುಂದೆ ನಿಂತುಕೊಂಡು, ಆರಿದ್ದು. ನಿದ್ದೆ ಎಂದರೆ ಅತ್ತೆಯ ಮಂಚದ ಕಾಲಿಗೆ ತಲೆಯಾನಿಸಿ ಕಣ್ಣು ಮುಚ್ಚುವುದು.

"ಒಂದ ಮಾತು ಹೇಳ್ತೀನಿ ಶಿವದೇವಿ, ಸಿಟ್ಟಾಗಬ್ಯಾಡ," ಎಂದು ಕೃಷ್ಣಾಬಾಯಿ ಒಮ್ಮೆ ಹೇಳಿದ್ದಳು. "ನಿಮ್ಮಿಬ್ಬರೊಳಗ ಬ್ಯಾನಿ ಇದ್ದಾಕಿ ಯಾರು ಅಂತ ಹೊಸಬರಿಗೆ ತಿಳಿಯಂಗಿಲ್ಲ. ನಿಮ್ಮ ಅತ್ತಿ ಗಲ್ಲ ನೋಡು, ನಿನ್ನ ಗಲ್ಲ ನೋಡು."

ಶಿವದೇವಿ ಸಿಟ್ಟಾಗಿಯೇ ಬಿಟ್ಟಳು. ಎರಡು ದಿನ ಕೃಷ್ಣಾಬಾಯಿಯ ಜೊತೆ ಮಾತಾಡಲಿಲ್ಲ.

ಡಾಕ್ಟರಮ್ಮ ಹೇಳಿದ ಆ ಒಂದು ದಿನ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಬೆಳಗಿನ ಹೊತ್ತು ಅತ್ತೆಯ ಕಂಕುಳಲ್ಲಿ ಕೈ ಹಾಕಿ ಎತ್ತಿದ್ದೇ ತಡ, ಹೊಟ್ಟೆಯಲ್ಲಿ ಏನೋ ಚುಳ್ ಎಂದು ಹಿಡಿದುಕೊಂಡಿತು. ಗಂಟು ಕಲ್ಲಾಗಿತ್ತು. ಒತ್ತಿದರೂ ಒಳಗೆ ಹೋಗಲಿಲ್ಲ. ಅವಳು ಅತ್ತೆಯನ್ನು ಬೀಳಗೊಡದೆ ದಿಂಬಿಗೆ ಒರಗಿಸಿದಳು, ಆಮೇಲೆ ತಾನು ನೆಲಕ್ಕೆ ಕುಸಿದು ವಾಂತಿ ಮಾಡಿಕೊಂಡಳು. ಗದಿಗೆಮ್ಮ ಮಂಚದ ಮೇಲಿಂದ ಊಂ ಊಂ ಎಂದು ಕೂಗಿದ ಕೂಗಿಗೆ ಕೃಷ್ಣಾಬಾಯಿ ಓಡಿ ಬಂದಳು. ಅವಳೇ ಶೆಡ್ಡಿಗೆ ಹೇಳಿ ಕಳಿಸಿದಳು, ಸ್ನೇಹಲತಾಳಿಗೆ ಫೋನ್ ಮಾಡಿಸಿದಳು.

ದೊಡ್ಡ ಆಸ್ಪತ್ರೆಯಲ್ಲಿ ಈಗಿಂದೀಗಲೇ ಹೊಟ್ಟೆ ಕೊಯ್ಯಬೇಕು ಅಂದರು. ಸ್ಟ್ರೆಚರ್ ಮೇಲೆ ಮಲಗಿದ್ದ ಶಿವದೇವಿ ಗಂಡನ ಅಂಗಿಯ ತೋಳು ಹಿಡಿದು ಎಳೆದಳು.

"ನೀವು ಇಲ್ಲಿ ಯಾಕ ನಿಂತೀರಿ? ಅತ್ತಿ ಉಂಡಿಲ್ಲ. ಮನಿಗೆ ನಡೀರಿ."

"ಹುಚ್ಚಿ ಅದೀ ಏನು? ನಿನ್ನ ಬಿಟ್ಟು—"

"ನೀವು ಏನ್ ಒಳಗ ಬಂದು ಚಾಕು ಹಿಡಿಯವರಾ? ಸ್ನೇಹಾ ಅದಾಳ ಇಲ್ಲಿ. ನಡೀರಿ ಅಂದ್ರ ನಡೀರಿ. ಬಾಯಿ ತೆರೀಲಿಲ್ಲ ಅಂದ್ರ ಚಮಚದಾಗ ನೀರರ ಹನಿಸ್ರಿ."

ಮುದುಕಿ ನೀರನ್ನೂ ಕುಡಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒಳಗೆ ಒಯ್ಯುವಾಗ ತನ್ನ ಜೀವದ ಚಿಂತೆ ಅವಳಿಗೆ ಇರಲಿಲ್ಲ. ತಾನು ಏಳುವುದರೊಳಗೆ ಅತ್ತೆ ಹಸಿದು ಸತ್ತಿರುತ್ತಾಳೆ, ಆ ಪಾಪ ತನ್ನ ಹಟದ ತಲೆಗೇ ಬರುತ್ತದೆ ಅನ್ನಿಸಿತು. ಆಪರೇಷನ್ ಆಗಲೇ ಮಾಡಿಸಿಕೊಂಡಿದ್ದರೆ ಯಾರಾದರೂ ಏನಾದರೂ ದಾರಿ ಹುಡುಕುತ್ತಿದ್ದರೋ ಏನೋ.

ರಾತ್ರಿ ಎಚ್ಚರವಾದಾಗ ಮಗ್ಗುಲಲ್ಲಿ ಶಾಂತಪ್ಪ ಕೂತಿದ್ದ, ಅವನ ಹಿಂದೆ ಸ್ನೇಹಲತಾ. ಇಬ್ಬರ ಮುಖದಲ್ಲೂ ಎಂಥದೋ ಕಳೆ ಇತ್ತು. ಶಿವದೇವಿಯ ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು.

"ಅತ್ತಿ?"

"ಉಂಡಾಳ," ಎಂದ ಶಾಂತಪ್ಪ.

"ಯಾರು ಉಣಿಸಿದ್ರು?"

"ನಾ."

"ಸುಳ್ಳು ಹೇಳಬ್ಯಾಡ್ರಿ. ಹೊಟ್ಟಿ ಹೊಲಿದಾರ, ತಲಿ ಏನ್ ಹೊಲಿದಿಲ್ಲ."

"ಅವ್ವನ ಆಣಿ. ಕೇಳಿಲ್ಲೆ." ಶಾಂತಪ್ಪ ಸ್ಟೂಲನ್ನು ಹತ್ತಿರ ಎಳೆದುಕೊಂಡ. "ಕೃಷ್ಣಾಬಾಯಿ ಉಪ್ಪಿಟ್ಟು ಮಾಡಿ ಇಟ್ಟಿದ್ರು. ಬಾಯಿ ಹತ್ತರ ಒಯ್ದೆ, ಗಪ್ಪನ ಮುಚ್ಚಿಬಿಟ್ಲು. ಎದಿ ಕೆರಕೊಳ್ಳಾಕತ್ತಿದ್ಲು, ಯಾವಾಗ್ಲೂ ಮಾಡ್ತಾಳಲ್ಲ, ಹಂಗ. ಸೋತು ತಾಟು ಕೆಳಗಿಟ್ಟೆ. ಇಲ್ಲಿ ನಿನ್ನ ಒಳಗ ಒಯ್ದಾರ, ಅಲ್ಲಿ ಆಕಿ ಉಪವಾಸ. ಏನ್ ಮಾಡಬೇಕು ತಿಳೀಲಿಲ್ಲ. ದೇವರ ಜಗಲಿ ಮ್ಯಾಲಿಂದ ನನ್ನ ಇಷ್ಟಲಿಂಗ ತಗೊಂಡು ಅವ್ವನ ಮುಂದ ನೆಲಕ್ಕ ಕುಂತೆ."

"ನೀವು? ಲಿಂಗಪೂಜಿ?"

"ನಗಬ್ಯಾಡ. ಭಾಳ ವರ್ಷ ಆಗಿತ್ತು, ಖರೆ. ಅಂಗೈಯಾಗ ಇಟ್ಕೊಂಡು ಕಣ್ಣು ಮುಚ್ಚಿದೆ. ತೆರೆದು ನೋಡ್ತೀನಿ, ಅವ್ವ ಎಡಗೈ ಚಾಚ್ಯಾಳ. ನನ್ನದು ಬೇಡಾಕತ್ತಾಳೇನೋ ಅನಕೊಂಡೆ. ಅಲ್ಲ. ತನ್ನ ಕೊರಳಿಗೆ ಕೈ ಒಯ್ತಾಳ, ಮತ್ತ ಅಂಗೈ ಚಾಚ್ತಾಳ. ಆಗ ಹೊಳೀತು ನನಗ. ಕೊರಳಾಗಿನ ಕರಡಗಿ ಬಿಚ್ಚಿ ಆಕಿ ಲಿಂಗ ಆಕಿ ಅಂಗೈಯಾಗ ಇಟ್ಟೆ. ಕಣ್ಣಿಗೆ ಒತ್ತಿಕೊಂಡ್ಲು. ಆಮ್ಯಾಲ ಶಿವದೇವಿ, ಬಾಯಿ ತೆರೆದ್ಲು. ಇಷ್ಟ ದೊಡ್ಡದು."

ಶಿವದೇವಿ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ ಮಲಗಿದಳು. ದಿನಾ ಎರಡು ಹೊತ್ತು ಅವಳು ಅತ್ತೆಯ ಮುಖ ಒರೆಸುತ್ತಿದ್ದಳು, ಹಣೆಗೆ ವಿಭೂತಿ ಹಚ್ಚುತ್ತಿದ್ದಳು, ಕೊರಳಲ್ಲಿನ ಬೆಳ್ಳಿಯ ಕರಡಿಗೆ ತೆಗೆದು ಲಿಂಗವನ್ನು ಅಂಗೈಯಲ್ಲಿಡುತ್ತಿದ್ದಳು. ಮುದುಕಿ ಅದನ್ನು ಕಣ್ಣಿಗೊತ್ತಿಕೊಂಡ ಮೇಲೆ ಮರಳಿ ಕಟ್ಟಿ, ತಾಟು ಹಿಡಿಯುತ್ತಿದ್ದಳು. ಮನೆಯೊಳಗೆ ಬರುವಾಗ ಚಪ್ಪಲಿ ಬಿಟ್ಟಂತೆ, ಯೋಚನೆಯಿಲ್ಲದೆ ಮಾಡುವ ಕೆಲಸ. ಚಪ್ಪಲಿ ಬಿಟ್ಟೆ ಎಂದು ಯಾರಾದರೂ ಇನ್ನೊಬ್ಬರಿಗೆ ಹೇಳುತ್ತಾರೆಯೇ? ಅವಳೂ ಹೇಳಿರಲಿಲ್ಲ. ಗದಿಗೆಮ್ಮ ಹುಟ್ಟಿದಾಗಿನಿಂದ ಲಿಂಗಪೂಜೆಗೆ ಮುಂಚೆ ಒಂದು ಗುಟುಕು ನೀರು ಕುಡಿದವಳಲ್ಲ. ಅದು ಮನೆಯವರಿಗೆಲ್ಲ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ ಒಬ್ಬರಿಗೂ ನೆನಪಾಗಲಿಲ್ಲ. ಬಂದವರೆಲ್ಲ ನೇರವಾಗಿ ತಾಟು ಹಿಡಿದೇ ಬಂದರು. ಮುದುಕಿ ಕೊರಳಿಗೆ ಕೈ ಒಯ್ದು ಒಯ್ದು ತೋರಿಸಿದಳು. ಇವರು ಅದನ್ನು ನಿಮ್ಮ ಕೈ ಬೇಡ ಅನ್ನುತ್ತಾಳೆ ಎಂದು ತಿಳಿದರು.

ಮೊದಲು ಅವಳಿಗೆ ಬಂದದ್ದು ಸಿಟ್ಟು.

"ಹಂಗಾದ್ರ ನನ್ನ ಕೈಯಾಗ ಏನೂ ಇರಲಿಲ್ಲ ಅಂದಂಗಾತು."

"ವೈನಿ," ಎಂದಳು ಸ್ನೇಹಲತಾ, "ಸಂಜಿಗೆ ಅಣ್ಣ ಲಿಂಗ ಇಟ್ಟ, ಕೃಷ್ಣಾಬಾಯಿ ಉಣಿಸಿದ್ರು. ಝುಣಕದ ವಡಿ. ಇನ್ನೊಂದು ಬೇಕು ಅಂತ ಬಾಯಿ ತೆರಕೊಂಡೇ ಕುಂತಿದ್ಲಂತ."

"ಝುಣಕದ ವಡಿ? ನಾ ಮಾಡಿದ್ರ ಮೂಗು ಮುರೀತಾಳ!"

ಹೇಳಿದ ಮಾತಿಗೆ ಅವಳಿಗೇ ನಗು ಬಂತು. ನಕ್ಕರೆ ಹೊಲಿಗೆ ಎಳೆಯಿತು, ಅಯ್ಯೋ ಅಂದಳು, ಮತ್ತೆ ನಕ್ಕಳು. ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ನರ್ಸು ಬಂದು ಮೂವರನ್ನೂ ಗದರಿಸಿದಳು. ಅವಳು ಹೋದ ಮೇಲೆ ಶಿವದೇವಿ ದೊಡ್ಡದಾಗಿ ಉಸಿರು ಬಿಟ್ಟಳು. ಹೊಟ್ಟೆ ನೋಯುತ್ತಿತ್ತು, ಆದರೆ ಎದೆಯ ಮೇಲಿಂದ ಯಾರೋ ಎದ್ದು ಹೋದಂತಿತ್ತು.

ಮನೆಗೆ ಬಂದ ಮೇಲೆ ಸುಮ್ಮನೆ ಮಲಗು ಎಂದರೆ ಅವಳಿಂದ ಆಗಲಿಲ್ಲ. ಹಾಸಿಗೆಯಿಂದಲೇ ಹುಕುಂ ನಡೆಸಿದಳು. ತಲೆ ಸ್ವಲ್ಪ ಎತ್ತರಿಸಿ ಉಣಿಸಿರಿ. ತುತ್ತು ಎಡಗಲ್ಲದ ಕಡೆ ಇಡಿರಿ. ಹಂಗಲ್ಲ, ಹಿಂಗ.

"ನೋಡವ್ವ," ಎಂದಳು ಕೃಷ್ಣಾಬಾಯಿ ಸೊಂಟದ ಮೇಲೆ ಕೈಯಿಟ್ಟು, "ನಾವು ವಿಠೋಬನ ಮಂದಿ. ನಿಮ್ಮ ಲಿಂಗ ನಾ ಮುಟ್ಟಂಗಿಲ್ಲ, ಅದು ನಿನ್ನ ಗಂಡ ಇಡಲಿ. ತುತ್ತಿನ ಕೆಲಸಕ್ಕ ನೀ ಬಾಯಿ ಹಾಕಬ್ಯಾಡ. ನಾನೂ ಐದು ಮಂದಿನ್ನ ಸಾಕೀನಿ."

ಗದಿಗೆಮ್ಮ ಊಂ ಎಂದಳು. ಯಾರ ಪರವಾಗಿ ಅಂದಳೋ ತಿಳಿಯಲಿಲ್ಲ, ಇಬ್ಬರೂ ತಮ್ಮ ಪರವೆಂದೇ ತಿಳಿದರು.

ಭಾನುವಾರ ಸ್ನೇಹಲತಾ ಗಂಡ ಸೂರ್ಯಕಾಂತನನ್ನು ಕರೆದುಕೊಂಡು ಬಂದಳು. ಎರಡು ತಿಂಗಳು ಅವ್ವ ನಮ್ಮ ಮನೆಯಲ್ಲಿರಲಿ ಅಂದಳು. ಹಗಲಿಗೆ ಸಾಬಮ್ಮ ಎಂಬ ಹೆಂಗಸನ್ನು ಗೊತ್ತು ಮಾಡಿದ್ದಾಳಂತೆ, ಎರಡು ಹೊತ್ತು ಲಿಂಗ ತಾನೇ ಇಡುತ್ತಾಳಂತೆ.

"ನಿನ್ನ ಕೈಲೆ ಆಗತೈತೇನು?" ಎಂದಳು ಶಿವದೇವಿ.

"ನನ್ನ ಅವ್ವ ವೈನಿ ಆಕಿ. ಈ ಮಾತು ನಾ ಮೊದಲ ಹೇಳಬೇಕಿತ್ತು. ನಿಮ್ಮ ಬಾಯಿಗೆ ಹೆದರಿ ಸುಮ್ಮನಿದ್ದೆ."

ಶಿವದೇವಿ ಒಂದೇ ಮಾತಿಗೆ ಒಪ್ಪಿದಳು. ಅದು ಅವಳ ಜೀವಮಾನದಲ್ಲೇ ಅಪರೂಪ. ಆದರೂ ಒಂದು ಕರಾರು ಹಾಕದೆ ಬಿಡಲಿಲ್ಲ.

"ಆಕಿ ತಿರುಗಿ ಬಂದ ಮ್ಯಾಲ ಮುಂಜಾನಿ ಸರದಿ ನಿಮ್ಮದು," ಎಂದಳು ಗಂಡನಿಗೆ. "ಎತ್ತೂದು, ಪೂಜಿ, ಊಟ, ಎಲ್ಲಾ. ಶೆಡ್ಡಿನ ಮಾಲಕಗ ಹೇಳಿ ಎರಡನೇ ಶಿಫ್ಟ್ ಮಾಡಿಸ್ಕೊಳ್ರಿ. ಅವನಿಗೆ ಹೇಳಾಕ ನಿಮಗ ಹೆದರಿಕಿ ಆದ್ರ ನಾನ ಬರ್ತೀನಿ."

"ಬ್ಯಾಡ ಮಾರಾಯ್ತಿ, ನಾನ ಹೇಳ್ತೀನಿ," ಎಂದ ಶಾಂತಪ್ಪ. ಮರುದಿನವೇ ಹೇಳಿದ. ಮಾಲೀಕ ಗೊಣಗಿ ಒಪ್ಪಿದ.

ಶಾಂತಪ್ಪನೂ ಸೂರ್ಯಕಾಂತನೂ ಗದಿಗೆಮ್ಮನನ್ನು ಕುರ್ಚಿಯ ಸಮೇತ ಎತ್ತಿ ಗಲ್ಲಿಯ ತುದಿಯಲ್ಲಿದ್ದ ವ್ಯಾನಿನವರೆಗೆ ಒಯ್ದರು. ಶಿವದೇವಿ ಹೊಸ್ತಿಲಲ್ಲಿ ನಿಂತು ನೋಡಿದಳು. ಮುದುಕಿ ಮದುವೆಗೆ ಹೊರಟವಳ ಹಾಗೆ ತಲೆಯೆತ್ತಿ ಕೂತಿದ್ದಳು. ಒಂದು ಸಲವಾದರೂ ಹಿಂದೆ ನೋಡಬೇಡವೇ? ನೋಡಲಿಲ್ಲ. ವ್ಯಾನಿನ ಬಾಗಿಲ ಹತ್ತಿರ ಮಾತ್ರ ಕುರ್ಚಿ ಇಳಿಸಿದಾಗ ಎಡಗೈ ಬೀಸಿ ಊಂ ಎಂದಳು. ಒಳಗೆ ಹೋಗಿ ಮಲಕೋ ಅಂದಳು ಎಂದು ಶಾಂತಪ್ಪ ಮರಳಿ ಬಂದು ಅರ್ಥ ಹೇಳಿದ. ಈ ಸಲ ಶಿವದೇವಿ ತಕರಾರು ತೆಗೆಯಲಿಲ್ಲ.

ಆ ವಾರ ಅವಳು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ದವಡೆ ಹಲ್ಲು ಕೀಳಿಸಿಕೊಂಡು ಬಂದಳು. ಬಿಸಿ ಅನ್ನ ಸಾರನ್ನು ಕೂತುಕೊಂಡು ಉಂಡಳು. ಉಂಡವಳು ಹಾಗೇ ಗೋಡೆಯ ಪಕ್ಕಕ್ಕೆ ಚಾಪೆ ಎಳೆದುಕೊಂಡು ಅಡ್ಡಾದಳು. ಹೊರಗೆ ಲಾರಿಗಳು ಹೋದವು, ಶೆಡ್ಡುಗಳಲ್ಲಿ ಕಬ್ಬಿಣ ಕಿರುಚಿತು. ಅವಳಿಗೆ ಯಾವುದೂ ಕೇಳಿಸಲಿಲ್ಲ.

ದೀಪ ಹಚ್ಚುವ ಹೊತ್ತಿಗೆ, ಅಂದು ರಜೆ ಹಾಕಿದ್ದ ಶಾಂತಪ್ಪ ಅವಳ ಭುಜ ಅಲುಗಿಸಿ ಮೊಬೈಲನ್ನು ಕಿವಿಗೆ ಹಿಡಿದ. ಆ ಕಡೆಯಿಂದ ಸ್ನೇಹಲತಾ ಹರ್ಷದಿಂದ ಹೇಳುತ್ತಿದ್ದಳು, ಅವ್ವ ಒಂದೂವರೆ ರೊಟ್ಟಿ ಹಾಲಿನಾಗ ಕಲಸಿದ್ದು ಉಂಡಾಳ, ಸಾಬಮ್ಮನ ಕೈಲೇ ಉಂಡಾಳ, ನಿಮಗ ಹೇಳಬೇಕು ಅನ್ನಿಸ್ತು.

"ಉಣ್ಣಲಿ, ಚೊಲೋ ಆತು," ಎಂದಳು ಶಿವದೇವಿ ಕಣ್ಣು ತೆರೆಯದೆ. "ಫೋನ್ ಇಡು. ನಾ ನಿದ್ದಿ ಮಾಡಾಕತ್ತೀನಿ."